ಮಾಸ್ತರರ ಹೆಸರಿನ ಮುಂದಿನ ನಕ್ಷತ್ರ

ಯಾರಿಗೆ ಯಾವ ಕಡತ ಕಾಣಬೇಕು, ಯಾರಿಗೆ ಕಾಣಬಾರದು ಎಂದು ಗುರುತು ಹಾಕುವುದೇ ನನ್ನ ಹೊಟ್ಟೆಪಾಡು. ಔಷಧಿ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ದೊಡ್ಡ ಸಾಹೇಬರು ಬಂದು ಕೇಳಿದರೂ ಬೇಡದ ಅಧಿಕಾರವನ್ನು ಕೊಟ್ಟವಳಲ್ಲ. ನನ್ನ ಸಿಟ್ಟಿಗೆ ಹೆದರಿ ಅರ್ಧ ಮಂದಿ ಕೇಳುವುದನ್ನೇ ಬಿಟ್ಟಿದ್ದಾರೆ. ಅಂಥ ನಾನು ಒಮ್ಮೆ, ಒಂದೇ ಒಂದು ಸಲ, ಮರ್ಯಾದೆಗೆ ಕಟ್ಟುಬಿದ್ದು ಗುರುತು ಹಾಕಿದೆ.

ಫೋಂಡಾದಲ್ಲಿ ನಾವಿರುವ ಕಟ್ಟಡದಲ್ಲಿ ನಮ್ಮ ತಲೆಯ ಮೇಲಿನ ಮನೆ ಮಾಸ್ತರರದು. ಸಾಂಗೆಯ ಕಡೆ ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿಯ ಕೂಲಿಕಾರರ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತರಾದವರು. ಮೂಲ ವಿಜಯಪುರದ ಕಡೆ. ಅವರಿಗೆ ಗೊತ್ತಿಲ್ಲದ ಶಬ್ದ ಎಂದರೆ ಅದು ಹುಟ್ಟಿ ಇನ್ನೂ ತಿಂಗಳಾಗಿರಬಾರದು ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು.

ನಾವು ಎಂದರೆ ನಾಲ್ಕು ಮಂದಿ. ಧಾರವಾಡ, ಬೆಳಗಾವಿ, ಕಾರವಾರ ಬಿಟ್ಟು ಇಲ್ಲಿ ನೌಕರಿಗೆ ಬಂದವರು. ರಜೆಯ ದಿನಗಳಲ್ಲಿ ಕೂತು ಫೋನಿನಲ್ಲಿ ಕನ್ನಡ ಬರೆಯುವ ಒಂದು ತಂತ್ರಾಂಶ ಮಾಡಿದೆವು. ಎರಡಕ್ಷರ ಒತ್ತಿದರೆ ಸಾಕು, ಉಳಿದ ಶಬ್ದವನ್ನು ಅದೇ ಊಹಿಸಿ ತೋರಿಸುತ್ತದೆ. ಅದೂ ನಮ್ಮ ಕಡೆಯವರು ಆಡುವ ಶಬ್ದ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಅದಕ್ಕೊಂದು ಚರ್ಚಾವೇದಿಕೆಯನ್ನೂ ತೆರೆದೆವು. ಬಳಸುವವರು ಅಲ್ಲಿ ತಮ್ಮ ತಕರಾರು ಬರೆಯಬೇಕು, ಇಲ್ಲದ ಶಬ್ದ ಕೊಡಬೇಕು, ಯಾರಿಗೆ ಗೊತ್ತೋ ಅವರು ಉತ್ತರಿಸಬೇಕು.

ವೇದಿಕೆ ಎಂದಮೇಲೆ ದರ್ಜೆಗಳು ಬೇಕು. ಓದುವವರು, ಬರೆಯುವ ಸದಸ್ಯರು, ಮೇಲ್ವಿಚಾರಕರು, ಎಲ್ಲಕ್ಕಿಂತ ಮೇಲೆ ಆಡಳಿತಗಾರರು. ಆಡಳಿತಗಾರರ ಹೆಸರಿನ ಮುಂದೆ ಕೆಂಪು ನಕ್ಷತ್ರ. ಅವರು ಯಾರ ಬರಹವನ್ನಾದರೂ ತಿದ್ದಬಹುದು, ಅಳಿಸಬಹುದು, ಅಳಿಸಿದ್ದನ್ನು ತಿರುಗಿ ಸಿಗದಂತೆ ಗುಡಿಸಿ ಹಾಕಬಹುದು. ಆ ದರ್ಜೆಗೆ ಅಧಿಕಾರ ಗುರುತಿಸುವ ಎಲ್ಲ ಚೌಕಗಳೂ ತುಂಬಿಯೇ ಬರುತ್ತವೆ, ಒಂದನ್ನು ಖಾಲಿ ಮಾಡಲು ಬರುವುದಿಲ್ಲ. ಒಂದೋ ಎಲ್ಲ, ಇಲ್ಲವೋ ಕೆಳಗಿನ ದರ್ಜೆ.

ಮಾಸ್ತರರನ್ನು ಎಲ್ಲಿ ಕೂರಿಸುವುದು? ಗೋವಾದಲ್ಲಿ ನಮ್ಮವರು ಯಾವ ಸಂಘ ಕಟ್ಟಿದರೂ ಮೊದಲು ಒಬ್ಬ ಹಿರಿಯರನ್ನು ಗೌರವಾಧ್ಯಕ್ಷರೆಂದು ಆರಿಸುತ್ತಾರೆ. ಅವರಿಗೆ ನಡುವಿನ ಕುರ್ಚಿ, ಶಾಲು, ಮೊದಲ ಮಾತು. ಸಹಿ ಮಾಡುವವರು ಬೇರೆ. ನನ್ನ ಕೈಯೂ ಅದೇ ರೂಢಿಯಲ್ಲಿ ಓಡಿತು. ಅವರೆದುರು ನಿನ್ನೆ ಮೊನ್ನೆಯವಳಾದ ನನ್ನ ಹೆಸರಿಗೆ ನಕ್ಷತ್ರವಿದ್ದು, ಅವರ ಹೆಸರಿನ ಕೆಳಗೆ ಬರೀ ಸದಸ್ಯ ಎಂದಿದ್ದರೆ ಹೇಗೆ? ತಂತ್ರಾಂಶದಲ್ಲಿ ಶಾಲಿಗೊಂದು ದರ್ಜೆ, ಸಹಿಗೊಂದು ದರ್ಜೆ ಎಂದು ಇರಲಿಲ್ಲ. ಅವರನ್ನೂ ಆಡಳಿತಗಾರರೆಂದು ಮಾಡಿದೆ. ಹೀಗೆ ನಕ್ಷತ್ರದವರು ನಾವಿಬ್ಬರೇ ಆದೆವು.

ಎರಡು ವರ್ಷ ಅವರು ಆ ವೇದಿಕೆಯನ್ನು ಶಾಲೆಯ ಹಾಗೆ ನಡೆಸಿದರು. ಯಾರು ಏನು ಕೇಳಿದರೂ ಉತ್ತರ. ಉಸಗಾಂವದಿಂದ ಒಬ್ಬ ಕ್ರೇನ್ ಆಪರೇಟರ್ ಬರೆಯುತ್ತಿದ್ದ. ಅವನದು ಬಾಗಲಕೋಟೆ ಕಡೆಯ ಹಳ್ಳಿ, ಓದಿದ್ದು ಏಳನೆಯ ಇಯತ್ತೆ. ಇಲ್ಲಿ ಕೆಲಸದ ಜಾಗದಲ್ಲಿ ನಮ್ಮವರು ಆಡುವ ಮಾತನ್ನು ಅವನು ದಿನಾ ನಾಲ್ಕು ನಾಲ್ಕು ಶಬ್ದವಾಗಿ ಕೂಡಿಸುತ್ತಿದ್ದ. ಧಣಿಗೆ ಕೊಂಕಣಿಯವರ ಹಾಗೆ ಪಾತ್ರಾಂವ್ ಎನ್ನುವುದು, ನಾಳೆ ಬರುತ್ತೇನೆ ಎನ್ನಲು "ಫಾಲ್ಯಾ ಬರ್ತೇನಿ" ಎನ್ನುವುದು, ಇಂಥವು. ಮಾಸ್ತರರು ಪ್ರತಿಯೊಂದರ ಕೆಳಗೂ "ಶಾಬಾಸ್" ಎಂದು ಬರೆಯುತ್ತಿದ್ದರು. ಮುಂದಿನ ಆವೃತ್ತಿಯಲ್ಲಿ ಆ ಶಬ್ದಗಳನ್ನೆಲ್ಲ ಸೇರಿಸುವುದೆಂದು ಮಾತಾಗಿತ್ತು.

ಕಳೆದ ಮಳೆಗಾಲದಲ್ಲಿ ಅವನಿಂದ ನನಗೊಂದು ಫೋನು ಬಂತು.

"ಮೇಡಂ, ನಾ ಏನರ ತಪ್ಪ ಮಾಡೇನ್ರಿ?"

"ಯಾಕ್ರಿ?"

"ನಾ ಬರದಿದ್ದು ಒಂದೂ ಇಲ್ರಿ. ಮೂರ ವಾರಾತು. ಮತ್ತ ಬರದ್ರ ಸಂಜಿಗೆ ಅದೂ ಇರಂಗಿಲ್ಲ. ನಮ್ಮಂಥೋರು ಬರಿಯೋದು ಬ್ಯಾಡಂದ್ರ ಬಾಯಿಲೆ ಹೇಳ್ರಲ್ಲ."

ಮೂರು ವಾರ ನಾನು ಆ ಕಡೆ ಕಣ್ಣು ಹಾಯಿಸಿರಲಿಲ್ಲ. ಕಾರ್ಖಾನೆಯಲ್ಲಿ ತಪಾಸಣೆ ನಡೆದಿತ್ತು. ನೋಡಿದರೆ ವೇದಿಕೆ ಬಣಬಣ ಎನ್ನುತ್ತಿತ್ತು. ಬೇರೆಯವರ ಬರಹಗಳೂ ಹೋಗಿದ್ದವು. ನಾನಿಟ್ಟ ನಕಲು ಪ್ರತಿ ಏಳೇ ದಿನ ಉಳಿಯುವಂಥದ್ದು, ಆದ್ದರಿಂದ ಅದರಲ್ಲೂ ಅವನ ಶಬ್ದಗಳು ಇರಲಿಲ್ಲ. ಯಾರು ಏನು ಅಳಿಸಿದರು ಎಂಬ ದಾಖಲೆ ತೆಗೆದೆ. ಪ್ರತಿ ಸಾಲಿನಲ್ಲೂ ಮಾಸ್ತರರ ಹೆಸರು. ಪ್ರತಿ ದಿನವೂ ಸಂಜೆ ಐದು ಗಂಟೆ.

ಸಿಟ್ಟಿನಿಂದಲೇ ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದವರು ಅವರ ಹೆಂಡತಿ. ನನ್ನ ಮುಖ ನೋಡಿ, ಒಳಗೆ ಮಾಸ್ತರರು ಮಲಗಿದ್ದಾರೆಂದು ಸನ್ನೆ ಮಾಡಿ, ನನ್ನನ್ನು ಅಡುಗೆಮನೆಗೆ ಕರೆದೊಯ್ದರು. ನಾನು ಹೇಳಿದ್ದನ್ನು ಕೇಳಿ ತಲೆಯಾಡಿಸಿದರು.

"ಐದಾತಂದ್ರ ಒರಸಾಕ ಕೂಡ್ತಾರ್ವಾ. ಸಾಲಿ ಬಿಡೂ ಹೊತ್ತಿಗೆ ಬೋರ್ಡ್ ಒರಸಿ ಬರತಿದ್ರಲ್ಲ, ಹಂಗ. ನಾಳಿ ಪಾಠಕ್ಕ ಜಾಗಾ ಬೇಕಂತಾರ. ಮುಂಜಾನೆ ನೆನಪ ಇರಂಗಿಲ್ಲ."

ಡಾಕ್ಟರರಿಗೆ ತೋರಿಸಿದ್ದರು. ಮರೆವಿನ ರೋಗ, ಇನ್ನು ಮುಂದಕ್ಕೇ ಹೊರತು ಹಿಂದಕ್ಕೆ ಬರುವುದಿಲ್ಲ ಎಂದಿದ್ದರಂತೆ. ಮಾಸ್ತರರಿಗೆ ಮಾತ್ರ ಹೇಳಿಲ್ಲ.

"ಆ ವೇದಿಕ್ಯಾಗ ಅವರು ಇನ್ನೂ ಮಾಸ್ತರ ಅದಾರ," ಎಂದರು ಆ ತಾಯಿ. "ಮನ್ಯಾಗ ರೋಗಿ. ಅದೊಂದನ್ನ ಕಸಗೊಬ್ಯಾಡ."

ಕೆಳಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. ಅವರ ಹೆಸರು, ದರ್ಜೆ, ಬದಲಿಸು. ಮೂರು ಸಲ ಒತ್ತಿದರೆ ಮುಗಿಯಿತು. ಆದರೆ ಮರುದಿನ ಬೆಳಿಗ್ಗೆ ಅವರು ತೆರೆದಾಗ ಹೆಸರಿನ ಮುಂದೆ ನಕ್ಷತ್ರ ಇರುವುದಿಲ್ಲ. ಏಕೆ ಎಂದು ಕೇಳುತ್ತಾರೆ. ನಾನು ಏನು ಹೇಳಿದರೂ ಅದು, ಸರ್, ನಿಮ್ಮ ಬುದ್ಧಿ ಈಗ ನಿಮ್ಮ ಕೈಯಲ್ಲಿಲ್ಲ ಎಂದು ಹೇಳಿದಂತೆಯೇ. ತೆಗೆಯದಿದ್ದರೆ ಉಳಿದವರು ಬರೆದದ್ದೆಲ್ಲ ದಿನಾ ಐದಕ್ಕೆ ಹೋಗುತ್ತದೆ. ಒತ್ತದೆ ಪರದೆ ಮುಚ್ಚಿದೆ. ನಮ್ಮ ತಂಡದ ಉಳಿದ ಮೂವರಿಗೆ ಫೋನು ಮಾಡಿದೆ. ಮೂವರೂ ಬೇರೆ ಬೇರೆ ಹೊತ್ತಿನಲ್ಲಿ ಒಂದೇ ಮಾತು ಹೇಳಿದರು: "ನೀವಾ ಹೇಳೋದು ಚಲೋ ಮೇಡಂ, ನಿಮ್ಮ ಮ್ಯಾಲೆ ಅವರಿಗೆ ಭಾಳ ಪ್ರೀತಿ." ಎಂಥ ಧೈರ್ಯಸ್ಥರು.

ಕೊನೆಗೆ ನಾನು ಹೂಡಿದ ಉಪಾಯ ಕೇಳಿದರೆ ನನ್ನ ಕೈಕೆಳಗಿನವರು ನಕ್ಕಾರು. ಸಂಜೆ ಐದಕ್ಕೆ ಮುಕ್ಕಾಲು ಗಂಟೆ ಮೊದಲು, ಕಾರ್ಖಾನೆಯಲ್ಲಿ ಎಲ್ಲರೂ ಚಹಾಕ್ಕೆ ಎದ್ದಾಗ, ವೇದಿಕೆಯ ಬರಹಗಳನ್ನೆಲ್ಲ ನಕಲು ಮಾಡಿ ಇಟ್ಟುಕೊಳ್ಳುವುದು. ಐದಕ್ಕೆ ಮಾಸ್ತರರು ಒರೆಸುತ್ತಾರೆ. ಮನೆಗೆ ಬಂದು ಆರಕ್ಕೆ ನಾನು ಎಲ್ಲವನ್ನೂ ಮತ್ತೆ ಅಂಟಿಸುತ್ತೇನೆ. ಒಂದು ತಿಂಗಳು ಹೀಗೇ ನಡೆಯಿತು. ಅವರು ಒರೆಸುವುದು, ನಾನು ಬರೆಯುವುದು. ತೊಂದರೆ ಏನೆಂದರೆ, ಅಂಟಿಸಿದ್ದೆಲ್ಲ ನನ್ನ ಹೆಸರಿನಲ್ಲೇ ಬೀಳುತ್ತಿತ್ತು. ಯಾರೋ ಕೊಟ್ಟ ಶಬ್ದ, ಯಾರೋ ಕೇಳಿದ ಪ್ರಶ್ನೆ, ಕೆಳಗೆ ನನ್ನ ಹೆಸರು, ನಕ್ಷತ್ರದ ಸಮೇತ. ಪ್ರತಿಯೊಂದರ ಮೇಲೂ ಇದು ಇಂಥವರದು ಎಂದು ಬರೆಯುತ್ತಿದ್ದೆ. ಅದನ್ನು ಓದುವ ತಾಳ್ಮೆ ಯಾರಿಗಿದೆ? ಮಂದಿಯ ಬರಹ ಕದಿಯುತ್ತಿದ್ದಾರೆ ಎಂದು ಒಬ್ಬರು ಬರೆದೇಬಿಟ್ಟರು. ಅದನ್ನೂ ಐದಕ್ಕೆ ಮಾಸ್ತರರು ಒರೆಸಿದರು, ಆರಕ್ಕೆ ನಾನೇ ಮತ್ತೆ ಅಂಟಿಸಿದೆ.

ಒಂದು ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಾಸ್ತರರು ಕೆಳಗಿಳಿದು ಬಂದರು. ಇಸ್ತ್ರಿಯ ಅಂಗಿ, ಕೈಯಲ್ಲಿ ಒಂದು ಹಾಳೆ. ನಾನು ಕೊಟ್ಟ ಚಹಾ ಮುಟ್ಟಲಿಲ್ಲ.

"ಒಂದು ವಿಷಯ ಮಾತಾಡಬೇಕಾಗೇದ್ರಿ," ಎಂದರು. "ವೇದಿಕ್ಯಾಗ ಮಂದಿ ಬರದಿದ್ದು ಯಾರೋ ಅಳಸಾಕತ್ತಾರ. ಆ ಉಸಗಾಂವದ ಹುಡುಗಂದು ಪೂರಾ ಹೋಗೇತಿ. ಎಂಥಾ ಶಬ್ದ ಕೂಡಿಸಿದ್ದ."

ದಾಖಲೆ ನೋಡಿದ್ದಾರೆಯೇ? ಇಲ್ಲ, ಅದನ್ನು ತೆರೆಯುವುದು ಅವರಿಗೆ ಗೊತ್ತಿರಲಿಲ್ಲ. ಹಾಳೆಯಲ್ಲಿ ಅವರೇ ದುಂಡಗೆ ಬರೆದ ಲೆಕ್ಕಾಚಾರವಿತ್ತು, ಮಕ್ಕಳಿಗೆ ಬಿಡಿಸಿ ತೋರಿಸುವ ಹಾಗೆ.

"ಅಳಸೂ ಅಧಿಕಾರ ಇರೋದು ಇಬ್ಬರಿಗೆ. ನಾನು, ನೀವು. ನಾ ಅಳಸಿಲ್ಲ." ಬೆರಳನ್ನು ಮುಂದಿನ ಸಾಲಿಗೆ ಸರಿಸಿದರು. "ಅಳಸಿದ್ದು ತಿರಗಿ ಬರೋದು ನಿಮ್ಮ ಹೆಸರಿನ್ಯಾಗ."

ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಒಂದಿಷ್ಟಾದರೂ ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ತಿರುಗಿ ಸಿಟ್ಟು ಮಾಡುವುದು ನನಗೆ ಬರುತ್ತದೆ. ಅಲ್ಲಿದ್ದದ್ದು ಬರೀ ಕನಿಕರ.

"ನೀವು ಕೆಟ್ಟೋರಲ್ರಿ. ಅದು ನನಗ ಗೊತ್ತದ. ಆಫೀಸಿನ ಕೆಲಸ, ಮನಿ ಕೆಲಸ, ಇದೂ ಒಂದು. ತಲಿ ದಣದಿರತದ. ಮಾಡಿದ್ದು ನೆನಪ ಉಳಿಯೂದಿಲ್ಲ. ಮನಷ್ಯಾಗ ಹಂಗ ಆಗತದ್ರಿ, ಅದಕ್ಕ ನಾಚಬಾರದು."

ಈ ಮಾತುಗಳನ್ನು ನಾನು ಒಂದು ತಿಂಗಳಿನಿಂದ ಮನಸ್ಸಿನಲ್ಲೇ ಜೋಡಿಸಿ, ಸಾಲದೆಂದು ಬಿಟ್ಟು, ಮತ್ತೆ ಜೋಡಿಸುತ್ತಿದ್ದೆ. ಅವರಿಗೆ ಹೇಳಬೇಕೆಂದು. ಇಷ್ಟು ಚೆನ್ನಾಗಿ ನನಗೆ ಒಮ್ಮೆಯೂ ಬಂದಿರಲಿಲ್ಲ.

"ಸ್ವಲ್ಪ ದಿನ ಅಧಿಕಾರ ಬಿಡ್ರಿ," ಎಂದರು. "ಅಪಮಾನ ಅಂತ ತಿಳೀಬ್ಯಾಡ್ರಿ."

ಒಳಗಿನ ಕೋಣೆಯಲ್ಲಿ ದಾಖಲೆ ತೆರೆದೇ ಇತ್ತು. ಎದ್ದು ಹೋಗಿ ಕಂಪ್ಯೂಟರ್ ತಂದು ತೋರಿಸಿದ್ದರೆ ಎರಡು ನಿಮಿಷದಲ್ಲಿ ನಾನು ನಿರಪರಾಧಿ. ನನಗೆ ಆಸೆ ಆಗಲಿಲ್ಲ ಎಂದರೆ ಸುಳ್ಳು. ಹದಿನೆಂಟು ವರ್ಷ ಒಂದು ಕಡತ ಕಳೆಯದವಳು ನಾನು. ಕಣ್ಣಲ್ಲಿ ನೀರು ಬಂತು. ಅದನ್ನು ಅವರು ತಪ್ಪೊಪ್ಪಿಗೆ ಎಂದುಕೊಂಡರು.

"ಆತು ಸರ್," ಎಂದೆ. ನಾನು ಬಿಟ್ಟರೂ ಅವರ ಕೈಯಲ್ಲಿ ಡಸ್ಟರ್ ಇದ್ದೇ ಇರುತ್ತದಲ್ಲ, ಮತ್ತೇನು ಮಾಡಲಿ ಎಂದು ಯೋಚಿಸುವಷ್ಟೂ ಚೈತನ್ಯ ಉಳಿದಿರಲಿಲ್ಲ.

ಅವರು ಎದ್ದು ಬಾಗಿಲವರೆಗೆ ಹೋದರು. ಚಪ್ಪಲಿ ಮೆಟ್ಟಿಕೊಂಡವರು ಏನೋ ಹೊಳೆದಂತೆ ನಿಂತರು.

"ನಿಮ್ಮೊಬ್ಬರ ನಕ್ಷತ್ರ ಹೋದ್ರ ಮಂದಿ ಏನಂದಾರು? ಹೆಣ್ಣಮಗಳು, ಇಷ್ಟು ದುಡದೋರು." ಒಂದು ಕ್ಷಣ ಗೋಡೆ ಹಿಡಿದುಕೊಂಡು ಯೋಚಿಸಿದರು. "ನಂದೂ ತಗೀರಿ. ಇಬ್ಬರದೂ ಕೂಡೇ ಹೋಗ್ಲಿ. ಆವಾಗ ಯಾರಂದು ತಪ್ಪು ಅಂತ ಯಾರಿಗೂ ತಿಳಿಯೂದಿಲ್ಲ."

ಅವರ ಎದುರಿಗೇ ತೆಗೆದೆ. ನಮ್ಮ ನಾಲ್ವರಲ್ಲಿ ಕಾಣಕೋಣದಲ್ಲಿ ನೌಕರಿ ಮಾಡುವವರೊಬ್ಬರಿದ್ದಾರೆ, ಆ ದರ್ಜೆಯನ್ನು ಅವರಿಗೆ ಕೊಟ್ಟು, ಮೊದಲು ಮಾಸ್ತರರದು, ಆಮೇಲೆ ನನ್ನದು. ಮೂರು ಮೂರು ಸಲ ಒತ್ತಿದ್ದು. ಅವರು ಕನ್ನಡಕ ಏರಿಸಿಕೊಂಡು ಪರದೆಯ ಮೇಲೆ ತಮ್ಮ ಹೆಸರನ್ನು ನೋಡಿದರು. ಸದಸ್ಯ ಎಂದಿತ್ತು. ನನ್ನ ಹೆಸರಿನ ಕೆಳಗೂ ಅದೇ. "ಚಲೋ ಆತು," ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಮೇಲೆ ಹೋದರು.

ಅಂದು ಐದಕ್ಕೆ ವೇದಿಕೆಯ ಒಂದು ಅಕ್ಷರವೂ ಅಳಿಯಲಿಲ್ಲ. ಅವರ ಹೆಂಡತಿ ಮರುದಿನ ಹೇಳಿದರು, ತಾಸು ಹೊತ್ತು ಫೋನು ಹಿಡಿದು ಅಳಿಸುವ ಗುಂಡಿ ಹುಡುಕಿದರಂತೆ. ಏನು ಹುಡುಕುತ್ತೀರಿ ಎಂದರೆ ಹೇಳಲು ಅವರಿಗೂ ಗೊತ್ತಾಗಲಿಲ್ಲವಂತೆ. ಈಗಲೂ ಐದಾದರೆ ಹುಡುಕುತ್ತಾರೆ. ನಾನು ಆ ಹೊತ್ತಿಗೆ ಕಾರ್ಖಾನೆಯಲ್ಲಿರುತ್ತೇನೆ, ಅದೊಂದು ಪುಣ್ಯ.

ಉಸಗಾಂವದವನ ಫೋನು ಆ ವಾರವೇ ಬಂತು. ಇಬ್ಬರ ನಕ್ಷತ್ರವೂ ಹೋದದ್ದನ್ನು ಅವನು ನೋಡಿದ್ದ. ಹಿಂದೆ ಕ್ರೇನಿನ ಸದ್ದು ಕೇಳುತ್ತಿತ್ತು.

"ಮೇಡಂ, ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಂದು ಅಳಸಿದ್ದು ಮಾಸ್ತರ ಅಲ್ಲಲ್ರಿ? ಅವರು ಶಾಬಾಸ್ ಅಂತಿದ್ರು. ಅವರಾ ಅಳಸಿದ್ರ ನನಗ ಭಾಳ ಕೆಟ್ಟ ಅನಸ್ತದ್ರಿ."

"ಅಲ್ರಿ," ಎಂದೆ. "ನಾನು."

ಅವನು, ಆತು ಬಿಡ್ರಿ, ಎಂದು ಫೋನು ಇಟ್ಟ. ಅವನು ಈಗ ಮತ್ತೆ ಮೊದಲಿನಿಂದ ಬರೆಯುತ್ತಿದ್ದಾನೆ, ದಿನಾ ನಾಲ್ಕು ಶಬ್ದ. ಎಲ್ಲದರ ಮೇಲೂ "ಮಾಸ್ತರರಿಗೆ" ಎಂದು ಹಾಕುತ್ತಾನೆ. ನಾನು ಏನಾದರೂ ಕೇಳಿದರೆ ಉತ್ತರ ಕೊಡುವುದಿಲ್ಲ.