ಐದೂವರೆಯ ವಾಕಿಂಗ್ ಮತ್ತು ನಮ್ಮ ಬೆಂಚು

ಹೋದ ವಾರ ಬೆಳಕು ಹರಿಯುವ ಮುಂಚೆ ನಮ್ಮೂರಿನಲ್ಲಿ ಪಟಾಕಿ ಸಿಡಿಯಿತು. ಹಬ್ಬವೇನೂ ಇರಲಿಲ್ಲ.

ಎಚ್.ಡಿ. ಕೋಟೆ, ಸರಗೂರು ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. (ಕೆ.ಆರ್. ನಗರದ ಗದ್ದೆ ಬಯಲಿನವರಿಗಾಗಿ ಹೇಳುತ್ತೇನೆ: ಕಾಡಂಚಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಪಟಾಕಿ ಕೇಳಿದರೆ, ಬೆಳೆಗೆ ನುಗ್ಗಿದ ಆನೆಗಳನ್ನು ಅಟ್ಟುತ್ತಿದ್ದಾರೆ ಎಂದರ್ಥ.)

ಕಾಫಿ ಲೋಟ ಕೈಯಲ್ಲೇ ನಿಂತಿತು. ಸದ್ದು ಬಂದ ನಾಲೆ ರಸ್ತೆಯಲ್ಲೇ ನನ್ನ ಹೆಂಡತಿ ವಾಕಿಂಗ್ ಹೋಗಿದ್ದಳು. ಜೊತೆಗೆ ಊರಿನ ಇನ್ನೂ ಕೆಲವು ಹೆಂಗಸರು.

ಅವರನ್ನು ಆ ಹೊತ್ತಿನಲ್ಲಿ ಅಲ್ಲಿಗೆ ಕಳಿಸಿದವನು ನಾನು.

ಈ ವಾಕಿಂಗ್ ಶುರುವಾದದ್ದು ಹೀಗೆ. ನಮ್ಮ ಆಶಾ ಕಾರ್ಯಕರ್ತೆ ಮಂಜುಳಾ ಶುಗರ್, ಬಿಪಿ ಇರುವ ಹೆಂಗಸರನ್ನೆಲ್ಲ ಹಾಲಿನ ಡೇರಿ ಮುಂದೆ ಸೇರಿಸಿದಳು. ದಿನಾ ಗುಂಪಾಗಿ ನಡೆಯಬೇಕು, ಒಬ್ಬರು ಬಾರದಿದ್ದರೆ ಇನ್ನೊಬ್ಬರು ಹೋಗಿ ಕರೆಯಬೇಕು ಎಂದಳು. ಡೇರಿ ಕಾರ್ಯದರ್ಶಿಯಾಗಿ ರಿಟೈರ್ ಆದವನು, ಪತ್ರಿಕೆಗೆ ಬೇರೆ ಬರೆಯುವವನು ಎಂದು ಮೇಲ್ವಿಚಾರಣೆ ನನ್ನ ಪಾಲಿಗೆ ಬಂತು. (ಬೇಡ ಅನ್ನಲಿಲ್ಲ. ಅನ್ನುವವನೂ ಅಲ್ಲ.)

“ಸಾಯಂಕಾಲ ನಾಕ್ ಗಂಟೆಗೆ ಇಟ್ಕಳಣ ಮಾಮ. ಎಲ್ರಿಗೂ ಬುಡುವಾಗಿರ್ತದೆ. ಊರೊಳಗಿನ ರಸ್ತೆಗೆ ಸಿಮೆಂಟ್ ಹಾಕವ್ರೆ, ಎಡವಕಿಲ್ಲ, ಬೀಳಕಿಲ್ಲ,” ಅಂದಳು ಮಂಜುಳಾ.

ಹೆಂಗಸರೆಲ್ಲ ಹೂಂ ಅಂದರು. ನಾನು ಒಪ್ಪಲಿಲ್ಲ. ಬೆಳಗಿನ ಗಾಳಿ ಶುದ್ಧ, ಮೈಸೂರಿನಲ್ಲಿ ಎಲ್ಲರೂ ಬೆಳಗ್ಗೆಯೇ ನಡೆಯುತ್ತಾರೆ ಎಂದು ಭಾಷಣ ಮಾಡಿದೆ. ಐದೂವರೆಗೆ, ಊರಾಚೆಯ ನಾಲೆ ರಸ್ತೆಯಲ್ಲಿ ಎಂದು ನಾನೇ ತೀರ್ಮಾನಿಸಿದೆ.

“ಆನೆ ಬಂದ್ರೆ?” ಎಂದು ಯಾರೋ ಕೇಳಿದರು.

“ಈ ವರ್ಷ ಆ ಕಡೀಕೆ ಎಲ್ ಬಂದವೆ ಬುಡಿ,” ಅಂದೆ.

ನಿಜ ಸಂಗತಿ ಈಗ ಬರೆಯುತ್ತೇನೆ. ಗಾಳಿಯ ಮಾತು ಬರೀ ನೆಪ. ಸಂಜೆ ನಾಲ್ಕಕ್ಕೆ ಟೀ ಅಂಗಡಿಯ ಬೆಂಚಿನ ಮೇಲೆ ನಾನೂ ನನ್ನ ಗೆಳೆಯರೂ ಕೂತಿರುತ್ತೇವೆ. ರಸ್ತೆಯಲ್ಲಿ ಹೋಗಿಬರುವವರನ್ನು ಆಡಿಕೊಳ್ಳುವುದೇ ನಮ್ಮ ಕೆಲಸ. ಹೆಂಗಸು ಹುಲ್ಲಿನ ಹೊರೆ ಹೊತ್ತು ಎಷ್ಟು ದೂರ ನಡೆದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕೈಬೀಸಿಕೊಂಡು ಸುಮ್ಮನೆ ನಡೆದರೆ? ಸೀರೆಯ ಕೆಳಗೆ ಶೂ ಹಾಕಿಕೊಂಡು ನಡೆದರೆ? ಶಾಲೆಯ ಟೀಚರಮ್ಮ ಒಬ್ಬರು ಹಾಗೆ ನಡೆದು ಬಂದಾಗ “ಮೈಸೂರ್ ರೇಸಿನ್ ಕುದ್ರೆ ಬಂತು ಕಣ್ಲಾ” ಅಂದವನು ಗೆಳೆಯ ಪುಟ್ಟಸ್ವಾಮಿ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಾಳೆ ಅದೇ ರಸ್ತೆಯಲ್ಲಿ ನನ್ನ ಹೆಂಡತಿಯೇ ಬಂದರೆ?

ಅದಕ್ಕೇ ಅವಳನ್ನು ಕತ್ತಲಿಗೆ ತಳ್ಳಿದೆ.

ಪಟಾಕಿ ಕೇಳಿದ್ದೇ ಟಾರ್ಚ್ ಹಿಡಿದು ಓಡಿದೆ. (ಓಡಿದೆ ಅನ್ನುವುದು ದೊಡ್ಡ ಮಾತು, ಮಂಡಿ ಬಿಡಬೇಕಲ್ಲ.) ಹೊರಡುವ ಮುಂಚೆ ಫೋನ್ ಮಾಡಿದರೆ ಅವಳ ಫೋನು ಮನೆಯಲ್ಲೇ ಹೊಡೆದುಕೊಂಡಿತ್ತು. ದಟ್ಟ ಮಂಜು. ಮುಂದೇನಿದೆ ಕಾಣದು. ಇನ್ನೊಂದು ಪಟಾಕಿ, ಹತ್ತಿರದಲ್ಲೇ. ಯಾವ ಕಡೆಗೆ ಅಟ್ಟುತ್ತಿದ್ದಾರೆ? ಅವಳ ಹೆಸರು ಹಿಡಿದು ಕೂಗಲೇ? ಕೂಗಿದರೆ ಬರುವುದು ಅವಳೋ, ಆನೆಯೋ?

ರಸ್ತೆಯ ಮಧ್ಯೆ ಒಂದು ಶೂ ಬಿದ್ದಿತ್ತು. ನೀಲಿ ಬಣ್ಣದ್ದು. ಅವಳದೇ. ಒಂದೇ ಒಂದು.

ಬಗ್ಗಿ ಅದನ್ನು ಎತ್ತಿಕೊಂಡೆ.

“ರೀ, ಟಾರ್ಚ್ ಆರ್ಸಿ! ಬೇಗ ಒಳಿಕ್ ಬನ್ನಿ!”

ರಸ್ತೆ ಪಕ್ಕದ ಪಂಪ್‌ಹೌಸಿನಿಂದ ಅವಳ ದನಿ. ಒಳಗೆ ಎಲ್ಲರೂ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ನನ್ನನ್ನೂ ಎಳೆದುಕೊಂಡು ಬಾಗಿಲು ಹಾಕಿದರು. ಹೊರಗೆ ಮುಸುಕಿನ ಜೋಳದ ಕಡ್ಡಿಗಳು ಮುರಿಯುವ ಸದ್ದು ನಿಧಾನವಾಗಿ ಹಾದುಹೋಯಿತು.

ಬೆಳಕಾದ ಮೇಲೆ ಮನೆಗೆ ಬಂದೆವು. ಬರಿಗಾಲಲ್ಲಿ ಜಲ್ಲಿಯ ಮೇಲೆ ಓಡಿದ್ದ ಅವಳ ಪಾದ ತರಚಿ ರಕ್ತ ಬಂದಿತ್ತು. ತೊಳೆಯುತ್ತಾ ಬೆಂಚಿನ ವಿಷಯ ಹೇಳಿಬಿಟ್ಟೆ. ತಲೆ ಎತ್ತಲು ಆಗಲಿಲ್ಲ.

“ಗೊತ್ತಿತ್ತು ಕಣ್ರೀ,” ಅಂದಳು.

“ಗೊತ್ತಿದ್ದೂ ಆ ಕತ್ಲಲ್ಲಿ ಹೋದ್ಯಾ?”

“ಆನೆ ಬಂದ್ರೆ ಪಂಪ್‌ಹೌಸ್‌ಗಾದ್ರೂ ಸೇರ್ಕೋಬೌದು. ನಿಮ್ ಬೆಂಚ್ ಮುಂದೆ ಎಲ್ಲಿಗ್ ಸೇರ್ಕಳದು?”

ಅವತ್ತಿನಿಂದ ಊರಿನಲ್ಲಿ ಯಾರೂ ವಾಕಿಂಗ್ ಹೋಗಿಲ್ಲ. ಅವಳ ಪಾದದ ಗಾಯ ಇನ್ನೂ ಆರಿಲ್ಲ. ಶುಗರ್ ಇರುವವರ ಕಾಲಿನ ಗಾಯ ಎಂದರೇನು ಎಂಬುದು ನಿಮಗೂ ಗೊತ್ತು. ಬ್ಯಾಂಡೇಜ್ ಬದಲಿಸಲು ಬರುವ ಮಂಜುಳಾ ನನ್ನ ಜೊತೆ ಮೊದಲಿನಂತೆ ಮಾತಾಡುವುದಿಲ್ಲ. “ಇದು ಮಾಯ್ಲಿ. ಆಮೇಲೆ ಅತ್ತೆ ನಡೀಲೇಬೇಕು, ಇಲ್ದಿದ್ರೆ ಶುಗರ್ ಇಳಿಯಕಿಲ್ಲ. ಹೊತ್ತು ನೀವ್ ಹೇಳ್ಬ್ಯಾಡಿ, ನಾವೇ ನೋಡ್ಕತೀವಿ,” ಅಂದಳು ಅಷ್ಟೆ.

ಸಂಜೆ ನಾಲ್ಕು ಎಂದು ಅವರೇ ಗೊತ್ತು ಮಾಡಿಕೊಂಡಿದ್ದಾರೆ. ನಾನು ಹೋಗಿ ಬೆಂಚಿನವರಿಗೆ ಹೇಳಿದೆ: ಆ ಹೊತ್ತಿಗೆ ನಾವು ಬಾಯಿ ಮುಚ್ಚಿಕೊಂಡಿರೋಣ, ಆಗದಿದ್ದರೆ ಬೇರೆ ಕಡೆ ಕೂರೋಣ.

“ಏನ್ಲಾ, ಹೆಂಡ್ರು ಹೇಳ್ಕೊಟ್ಟು ಕಳ್ಸವ್ಳಾ?” ಅಂದ ಪುಟ್ಟಸ್ವಾಮಿ. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಆದರೆ ಎದ್ದೂ ಬರಲಿಲ್ಲ.

ಆನೆ ಕಂಡರೆ ತಿಳಿಸಿ ಎಂದು ಅರಣ್ಯ ಇಲಾಖೆಯವರು ಊರ ಗೋಡೆಯ ಮೇಲೆ ಫೋನ್ ನಂಬರ್ ಬರೆಸಿದ್ದಾರೆ. ನಾವು ಕೂತಿರುವುದನ್ನು ಕಂಡರೆ ನಮ್ಮ ಹೆಂಗಸರು ಯಾರಿಗೆ ಫೋನ್ ಮಾಡಬೇಕು?