ಮಲ್ಲಿಗೆ ಚಹಾಕ್ಕೆ ಮಸರಕಲ್ಲಿನ ತೀರ್ಪು

ಹಲ್ಲುಪುಡಿಯ ಡಬ್ಬಿಗಿಂತ ತುಸು ದೊಡ್ಡದಾದ, ಮುಚ್ಚಳದ ಮೇಲೆ ಬಿಳಿ ಹೂವಿನ ಚಿತ್ರವಿದ್ದ ಹಸಿರು ತಗಡಿನ ಡಬ್ಬಿಯೊಂದು ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ಉಪ್ಪಿಗೂ ಹುಣಸೆಹಣ್ಣಿಗೂ ನಡುವೆ, ಹೊಸ ಬೀಗರ ಮನೆಗೆ ಬಂದ ನೆಂಟನ ಹಾಗೆ ಮುದುಡಿಕೊಂಡು ಕೂತಿತ್ತು. ಅದರೊಳಗಿದ್ದದ್ದು ಮಲ್ಲಿಗೆಯ ಹಸಿರು ಚಹಾ. ಅದನ್ನು ನಾನು ಕೊಂಡದ್ದಲ್ಲ. ಅಷ್ಟು ಬುದ್ಧಿ ಇನ್ನೂ ಕೆಟ್ಟಿರಲಿಲ್ಲ. ರಾಯಚೂರಿನಿಂದ ದಿನವೂ ಬಸ್ಸು ಹತ್ತಿ ಮಾನ್ವಿಯ ಕಚೇರಿಗೆ ಹೋಗುವವಳು ನಾನು. ಅಲ್ಲಿ ನನ್ನ ಪಕ್ಕದ ಮೇಜಿನವಳು ಪೋತ್ನಾಳದಾಕೆ. ಅವಳಿಗೆ ಅದನ್ನು ಅವಳ ಬೀಗರು ಕೊಟ್ಟಿದ್ದರು, ಬೀಗರಿಗೆ ಮತ್ಯಾರೋ ಕೊಟ್ಟಿದ್ದರು. ಹೀಗೆ ಯಾರೂ ಮುಚ್ಚಳ ತೆಗೆಯದೆ, ಎಲ್ಲರೂ ನಗುನಗುತ್ತ ಕೈ ದಾಟಿಸುತ್ತ, ಊರೂರು ತಿರುಗಿದ ಆ ಡಬ್ಬಿ ನನ್ನ ಪಾಲಿಗೆ ಬಂದು ನಿಂತಿತು. ಮುಂದೆ ದಾಟಿಸಲು ನನಗೆ ಯಾರೂ ಸಿಕ್ಕಿರಲಿಲ್ಲ, ಅಷ್ಟೇ.

ನೀವು ನಮ್ಮ ಕಡೆಯವರಾಗಿದ್ದರೆ ನಿಮಗೆ ಗೊತ್ತಿರುತ್ತದೆ, ನಮ್ಮಲ್ಲಿ ಚಹಾ ಕಾಸುವುದೆಂದರೆ ಒಂದು ಬಗೆಯ ವಿಚಾರಣೆ. ಪುಡಿ ತಾನು ಮಾಡಿದ ತಪ್ಪನ್ನೂ ಮಾಡದ ತಪ್ಪನ್ನೂ ಒಪ್ಪಿಕೊಳ್ಳುವವರೆಗೆ ಕುದಿಸುತ್ತೇವೆ. ಅದು ಕಪ್ಪಿಟ್ಟು ಉಕ್ಕಿ ಬಂದ ಮೇಲೆ ಹಾಲು ಸುರಿದು ಸಮಾಧಾನ ಹೇಳುತ್ತೇವೆ. ಸಕ್ಕರೆ ಹಾಕಿ ಬಾಯಿ ಮುಚ್ಚಿಸುತ್ತೇವೆ. ಈ ಹಸಿರು ಚಹಾದ ರೀತಿಯೇ ಬೇರೆ. ನೀರು ಕುದಿಯಬಾರದಂತೆ, ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಕಂಡೊಡನೆ ಇಳಿಸಬೇಕಂತೆ, ಚಿಟಿಕೆ ಎಲೆ ಹಾಕಿ, ಎರಡು ಮಾತು ಆಡುವಷ್ಟು ಹೊತ್ತು ಮುಚ್ಚಿಟ್ಟು, ಕಹಿಯಾಗುವ ಮುಂಚೆ ಸೋಸಿಬಿಡಬೇಕಂತೆ. ಕುದಿಯದ ಬಿಸಿನೀರಿಗೆ ಒಲೆ ಯಾಕೆ ಬೇಕು, ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಮೇಲಿನ ಟಾಕಿಯ ನಲ್ಲಿ ತಿರುಗಿಸಿದರೆ ಸಾಲದೇ ಎಂದು ನನಗೆ ಅನ್ನಿಸಿದ್ದುಂಟು. ಅದಕ್ಕಿಂತ ವಿಚಿತ್ರವೆಂದರೆ ಅದರ ಹುಟ್ಟು. ಚಹಾದ ಎಲೆಗಳನ್ನೂ ಬಿರಿಯಲಿರುವ ಮಲ್ಲಿಗೆ ಮೊಗ್ಗುಗಳನ್ನೂ ರಾತ್ರಿಯಿಡೀ ಒಟ್ಟಿಗೆ ಮಲಗಿಸುತ್ತಾರಂತೆ. ಮೊಗ್ಗು ಬಿರಿದು ತನ್ನ ಪರಿಮಳವನ್ನೆಲ್ಲ ಎಲೆಗೆ ಧಾರೆಯೆರೆದ ಮೇಲೆ, ಬೆಳಿಗ್ಗೆ ಹೂವನ್ನು ಜರಡಿ ಹಿಡಿದು ಎಸೆಯುತ್ತಾರಂತೆ. ಡಬ್ಬಿಯ ಬೆನ್ನಿನ ಮೇಲೆ ಇದನ್ನೆಲ್ಲ ಹೆಮ್ಮೆಯಿಂದ ಬರೆದಿದ್ದರು. ಓದಿದಾಗ ನನಗೆ ಹೂವಿನ ಬಗ್ಗೆ ಸ್ವಲ್ಪ ಕನಿಕರ ಬಂದದ್ದು ನಿಜ.

ಈ ಹೊತ್ತಿಗೆ ಮಸರಕಲ್ಲಿನಿಂದ ದೇವಮ್ಮತ್ತೆ ಬಂದಳು. ನಮ್ಮಪ್ಪನ ತಂಗಿ. ಮಾವ ತೀರಿಕೊಂಡಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ, ಅವಳಿಗೆ ನಲವತ್ತು ತುಂಬಿರಲಿಲ್ಲ. ಅಂದಿನಿಂದ ಕುರಿ ಹಿಂಡು ಕಾಯ್ದವಳು ಅವಳು, ದೇವದುರ್ಗದ ಸಂತೆಯಲ್ಲಿ ಗಂಡಸರ ನಡುವೆ ನಿಂತು ಟಗರಿನ ಹಲ್ಲು ನೋಡಿ ವ್ಯಾಪಾರ ಕುದುರಿಸಿದವಳು ಅವಳು. ಈಗ ಸಕ್ಕರೆ ಕಾಯಿಲೆ ಏರಿ, ಡಾಕ್ಟರು ಹಾಲು ಸಕ್ಕರೆಯ ಚಹಾ ಬಂದ್ ಎಂದುಬಿಟ್ಟಿದ್ದರು. ಅತ್ತೆಯ ಚಹಾದಲ್ಲಿ ಚಮಚ ನೆಟ್ಟಗೆ ನಿಲ್ಲುತ್ತಿತ್ತು ಎಂದರೆ ನಿಮಗೆ ಆ ಆಜ್ಞೆಯ ಕ್ರೌರ್ಯ ಅರ್ಥವಾಗಬಹುದು. ಎರಡನೆಯ ದಿನಕ್ಕೇ ಅವಳು ಗಂಟು ಕಟ್ಟಿ ಊರಿಗೆ ಹೊರಡುವ ಮಾತಾಡತೊಡಗಿದಾಗ ನನಗೆ ಹಸಿರು ಡಬ್ಬಿ ನೆನಪಾಯಿತು.

ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ. ಅತ್ತೆ ಬಗ್ಗಿ ಮೂಸಿದಳು. ಮೂಸಿದವಳು ತಲೆ ಎತ್ತಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು, ಬೀದಿಯಲ್ಲಿ ಆಟೋ ಹೋಯಿತು, ಅವಳು ಮಾತ್ರ ಡಬ್ಬಿಯಲ್ಲಿ ಮುಖವಿಟ್ಟುಕೊಂಡೇ ಇದ್ದಳು. ಆಮೇಲೆ ತಟ್ಟನೆ ಮುಚ್ಚಳ ಹಾಕಿ ನನ್ನ ಕಡೆ ನೂಕಿದಳು.

"ಇದರಾಗ ಮಲ್ಲಿಗಿ ಅದ ಸರೂ. ನಾ ಮಲ್ಲಿಗಿ ಬಿಟ್ಟಾಕಿ."

"ಮುಡಿಯೋದಲ್ಲ ಅತ್ತಿ, ಕುಡಿಯೋದು ಇದು."

"ಎಲ್ಲಿ ಇಟ್ಕೊಂಡರೇನು, ಹೂ ಹೂವೇ. ತಲಿ ಮ್ಯಾಲೆ ಬ್ಯಾಡಾದದ್ದು ಹೊಟ್ಟ್ಯಾಗ ಹೆಂಗ ನಡೀತದ? ಮಸರಕಲ್ಲಿನವರು ಕೇಳಿದ್ರ ಏನಂತಾರ."

ಅಂದಳೇನೋ ನಿಜ, ಆದರೆ ಅವಳ ಕಣ್ಣು ಡಬ್ಬಿಯನ್ನು ಬಿಟ್ಟು ಕದಲಲಿಲ್ಲ. ಬಜಾರಿನಲ್ಲಿ ಹೂವಿನವರ ಸಾಲು ಬಂದಾಗಲೆಲ್ಲ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಸರಸರ ನಡೆಯುವುದನ್ನು ಎಷ್ಟೋ ಸಲ ನೋಡಿದ್ದೆ, ಧೂಳಿಗೆ ಹೆದರುತ್ತಾಳೆ ಎಂದುಕೊಂಡಿದ್ದೆ. ಕುರಿ ಹಿಂಡಿನ ಹಿಂದೆ ಬೆಟ್ಟದಷ್ಟು ಧೂಳು ಕುಡಿದವಳು ಬಜಾರಿನ ಧೂಳಿಗೆ ಯಾಕೆ ಹೆದರಬೇಕು ಎಂದು ಒಮ್ಮೆಯಾದರೂ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡೆ. ಹಟ ಹಿಡಿದೆ: ಈ ಚಹಾವನ್ನು ಅತ್ತೆಗೆ ಕುಡಿಸಿಯೇ ತೀರಬೇಕು.

ಮೊದಲ ನೆರವಿಗೆ ಪಕ್ಕದ ಮನೆಯ ಖೈರೂನಬಿಯನ್ನು ಕರೆದೆ. ಅವಳ ಗಂಡ ಬಜಾರಿನಲ್ಲಿ ಹೂ ಮಾರುತ್ತಾನೆ. ಹೂವಿನ ಶಾಸ್ತ್ರದಲ್ಲಿ ನಮ್ಮ ಓಣಿಗೆ ಅವಳೇ ದೊಡ್ಡವಳು. ಅವಳು ಒಂದು ಗುಟುಕು ಕುಡಿದು, ಮುಖ ಕಿವುಚಿ, ಮರ್ಯಾದೆಗೆಂದು ನುಂಗಿ, ವಾದಕ್ಕೆ ಕೂತಳು.

"ಅಮ್ಮಾ, ನಮ್ಮಲ್ಲಿ ಗೋರಿ ಮ್ಯಾಲೆ ಸೈತ ಮಲ್ಲಿಗಿ ಹಾಕ್ತಾರ. ಸತ್ತವರಿಗೇ ನಡೀತದ ಅಂದ್ರ ನಿಮಗ ಯಾಕ ನಡಿಯಲ್ಲ?"

"ಸತ್ತವರಿಗೆ ನಡೀತದವ್ವ," ಎಂದಳು ಅತ್ತೆ. "ಗಂಡ ಸತ್ತವರಿಗೆ ನಡಿಯಾಂಗಿಲ್ಲ."

ಮಸರಕಲ್ಲಿನವರು ಏನಂತಾರೆ ಎಂದು ಅತ್ತೆಯೇ ಕೇಳಿದ್ದಳಲ್ಲ, ಅವರ ಬಾಯಿಂದಲೇ ಹೇಳಿಸೋಣ ಎಂದುಕೊಂಡೆ. ಹಾಗಾಗಿ ಭಾನುವಾರ ಅತ್ತೆಯ ಸೀರೆಗಳನ್ನು ತರುವ ನೆಪ ಹೇಳಿ, ಸೋಸಿದ ಮಲ್ಲಿಗೆ ಚಹಾವನ್ನು ದೊಡ್ಡ ಫ್ಲಾಸ್ಕಿನಲ್ಲಿ ತುಂಬಿಕೊಂಡು, ದೇವದುರ್ಗದ ಬಸ್ಸಿನಲ್ಲಿ ಮಸರಕಲ್ಲಿಗೆ ಹೊರಟೆ. ಕಾಯಿಲೆಯವರಿಗೆ ಚಹಾ ಒಯ್ಯುವವರನ್ನು ನೋಡಿದ್ದೇನೆ, ಹೊಲಕ್ಕೆ ಒಯ್ಯುವವರನ್ನು ನೋಡಿದ್ದೇನೆ. ಚಹಾವನ್ನೇ ಕಟಕಟೆಗೆ ಕರೆದೊಯ್ದವಳು ಬಹುಶಃ ನಾನೊಬ್ಬಳೇ.

ಅತ್ತೆಯ ಭಾವ, ಅಂದರೆ ತೀರಿಕೊಂಡ ಮಾವನ ಅಣ್ಣ ನಿಂಗಪ್ಪ ಮಾವನೇ ಆ ಮನೆತನದ ಹಿರಿಯ. ವಿಷಯ ಹೇಳಿದಾಗ ನಕ್ಕು ಕಳಿಸುತ್ತಾನೆ ಎಂದುಕೊಂಡಿದ್ದೆ. ಆತ ಗಂಭೀರನಾಗಿ ರುಮಾಲು ಸುತ್ತಿಕೊಂಡು, "ಇದು ಮನ್ಯಾಗ ಮುಗಿಯೋ ಮಾತಲ್ಲ," ಎಂದು ಬೇವಿನ ಕಟ್ಟೆಗೆ ನಡೆದ. ಅಲ್ಲಿ ಪೂಜಾರಿ ಮಲ್ಲಯ್ಯ ಇದ್ದ, ರಿಟೈರಾದ ಬಸ್ ಕಂಡಕ್ಟರ್ ಹನುಮಂತಪ್ಪ ಇದ್ದ. ಸ್ಟೀಲಿನ ಲೋಟಗಳು ಬಂದವು. ಎಲ್ಲರಿಗೂ ಒಂದೊಂದು ಗುಟುಕು ಹಂಚಿದೆ. ಪೂಜಾರಿ ತೀರ್ಥದಂತೆ ಅಂಗೈಯಲ್ಲಿ ಹಿಡಿದು ಕುಡಿದ. ಹನುಮಂತಪ್ಪ ಬಾಯಿ ಚಪ್ಪರಿಸಿ ನೋಡಿದ.

"ಯವ್ವಾ," ಎಂದ ನಿಂಗಪ್ಪ ಮಾವ ಕೊನೆಗೆ, "ರಾಯಚೂರಾಗ ಹಾಲು ತುಟ್ಟಿ ಆಗ್ಯಾವೇನು?"

ನಾನು ಹಾಲಿನ ವಿಷಯ ಬದಿಗಿಟ್ಟು, ಹೂವನ್ನು ಜರಡಿ ಹಿಡಿದು ಎಸೆಯುತ್ತಾರೆ, ಇದರಲ್ಲಿರುವುದು ಹೂವಲ್ಲ, ಬರೀ ವಾಸನೆ ಎಂದು ವಿವರಿಸಿದೆ. ಅದೇ ತಪ್ಪಾಯಿತು. ವಾದ ಹೂವಿನಿಂದ ವಾಸನೆಗೆ ಜಿಗಿಯಿತು. ಮೂಸಿದ ಹೂ ದೇವರಿಗೆ ನಡೆಯುವುದಿಲ್ಲ, ಅಂದಮೇಲೆ ಮೂಸುವುದೂ ಮುಡಿದಷ್ಟೇ ಎಂದು ಪೂಜಾರಿ ಸಾಧಿಸಿದ. ಹಾಗಿದ್ದರೆ ಮುಡಿದವಳು ಪಕ್ಕದಲ್ಲಿ ಹಾದುಹೋದಾಗ ಗಂಡ ಸತ್ತವಳು ಉಸಿರು ಕಟ್ಟಬೇಕೇನು ಎಂದು ನಾನು ಕೇಳಿದೆ. ಪೂಜಾರಿ ಸ್ವಲ್ಪ ಯೋಚಿಸಿ, ಆದಷ್ಟು ಕಟ್ಟಬೇಕು ಎಂದ. ಆಗ ಕಂಡಕ್ಟರ್ ಹನುಮಂತಪ್ಪ ಎದ್ದು ನಿಂತ.

"ನನ್ನ ಸರ್ವೀಸಿನಾಗ ಹೂವಿನ ಬುಟ್ಟಿಗಿ ಲಗೇಜ್ ಟಿಕೆಟ್ ಹರದೀನಿ. ವಾಸನಿಗಿ ಒಂದಿನಾನೂ ಹರದಿಲ್ಲ. ಬಸ್ ತುಂಬಾ ವಾಸನಿ ಕುಂತಿರ್ತಿತ್ತು, ಚೆಕಿಂಗಿನವರು ಬಂದ್ರೂ ಕೇಳಿಲ್ಲ. ವಾಸನಿ ಯಾರದೂ ಅಲ್ರೀ."

ಸಭೆಗೆ ಇದು ನಾಟಿತು. ನನಗೂ ನಾಟಿತು, ಎಷ್ಟೋ ದಪ್ಪ ಪುಸ್ತಕಗಳಲ್ಲಿ ಸಿಗದ ನ್ಯಾಯ ಅದು ಎನ್ನಿಸಿತು. ಆದರೆ ಕೂತಲ್ಲಿ ನನಗೆ ಸಿಟ್ಟೂ ಬರತೊಡಗಿತ್ತು. ಮಾವ ಹೋದ ಮೇಲೆ ಅತ್ತೆ ಕುಂಕುಮ ಬಿಟ್ಟಳು, ಬಳೆ ಬಿಟ್ಟಳು, ಹೂ ಬಿಟ್ಟಳು. ಮೂರನ್ನೂ ಬಿಡಿಸಿದವರಿಗೆ ಮೂಗಿನ ನೆನಪಿರಲಿಲ್ಲ. ಹಣೆಗೆ ವೈಧವ್ಯ ಉಂಟು, ಕೈಗೆ ಉಂಟು, ತಲೆಗೆ ಉಂಟು. ಮೂಗಿಗೆ ಉಂಟೋ ಇಲ್ಲವೋ ಎಂದು ಮೂವರು ಮುದುಕರು ಇಷ್ಟು ವರ್ಷಗಳ ಮೇಲೆ ಕಟ್ಟೆಯ ಮೇಲೆ ಕೂತು ತಲೆ ಕೆಡಿಸಿಕೊಂಡಿದ್ದರು. ಇದೇ ನಿಂಗಪ್ಪ ಮಾವ ಹೆಂಡತಿ ಸತ್ತ ಮರುವರ್ಷವೇ ಮದುವೆಯೊಂದರಲ್ಲಿ ಎದೆಯ ತುಂಬ ಮಲ್ಲಿಗೆ ಹಾರ ಹಾಕಿಸಿಕೊಂಡು ಫೋಟೋಕ್ಕೆ ನಿಂತಿದ್ದ. ಬಾಯಿಗೆ ಬಂದ ಈ ಮಾತನ್ನು ನುಂಗಿಕೊಂಡೆ, ಯಾಕೆಂದರೆ ನನಗೆ ತೀರ್ಪು ಬೇಕಿತ್ತು.

ತೀರ್ಪು ಬಂತು. ನಿಂಗಪ್ಪ ಮಾವ ಇನ್ನೊಂದು ಗುಟುಕು ಕುಡಿದು, ಲೋಟದೊಳಗೆ ಇಣುಕಿ ನೋಡಿ ಹೇಳಿದ:

"ನೋಡ್ರಿ, ಚಾ ಅಂದ್ಮ್ಯಾಲೆ ಹಾಲು ಇರಬೇಕು, ಸಕ್ರಿ ಇರಬೇಕು, ಬಣ್ಣ ಇರಬೇಕು. ಈ ಚಾಕ್ಕ ಒಂದೂ ಇಲ್ಲ. ಎಲ್ಲಾ ಕಳಕೊಂಡು ಕುಂತದ. ಇದೂ ಮುತ್ತೈದಿ ಅಲ್ಲ. ಮುತ್ತೈದಿ ಅಲ್ಲದ ಚಾ, ಮುತ್ತೈದಿ ಅಲ್ಲದಾಕಿ ಕುಡಿದ್ರ ಯಾರಿಗೂ ಏನೂ ಆಗಾಂಗಿಲ್ಲ."

ಎಲ್ಲರೂ ತಲೆಯಾಡಿಸಿದರು. ಒಳಗೆ ಕೂತು ಕುಡಿಯಬೇಕು, ಹಬ್ಬದ ದಿನ ಕುಡಿಯಬಾರದು, ಬಾಗಿಲಿಗೆ ಬಂದವರ ಎದುರು ಲೋಟ ಹಿಡಿಯಬಾರದು ಎಂದು ಪೂಜಾರಿ ಒಂದಿಷ್ಟು ಷರತ್ತು ಸೇರಿಸಿದ. ಫ್ಲಾಸ್ಕು ಖಾಲಿಯಾಗಿತ್ತು. ಅಷ್ಟು ಬೈದುಕೊಂಡೇ ಅಷ್ಟನ್ನೂ ಕುಡಿದು ಮುಗಿಸಿದ್ದರು.

ನಗಬೇಡಿ, ವಾಪಸು ಬರುವಾಗ ಬಸ್ಸಿನಲ್ಲಿ ನಾನು ಬಹಳ ಖುಷಿಯಾಗಿದ್ದೆ. ಗೆದ್ದಿದ್ದೆನಲ್ಲ. ದಾರಿಯುದ್ದಕ್ಕೂ ಅತ್ತೆಯ ಮುಖ ಹೇಗೆ ಅರಳೀತು ಎಂದು ಊಹಿಸಿಕೊಳ್ಳುತ್ತ, ತೀರ್ಪನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡೆ.

ಮನೆ ಸೇರಿದಾಗ ಸಂಜೆ. ಅತ್ತೆ, ಖೈರೂನಬಿ ಇಬ್ಬರೂ ಹೊಸ್ತಿಲಲ್ಲಿ ಕೂತಿದ್ದರು. ಒಳಗೆ ಬಚ್ಚಲಲ್ಲಿ ನಮ್ಮ ದೊಡ್ಡ ಚಹಾದ ಪಾತ್ರೆ ನೆನೆಯುತ್ತಿತ್ತು, ಅದರ ತಳದಲ್ಲಿ ಎಲೆಗಳು ಬೆಂದ ಸೊಪ್ಪಿನಂತೆ ಅಂಟಿಕೊಂಡಿದ್ದವು. ಹಸಿರು ಡಬ್ಬಿ ಬರಿದಾಗಿ ಪಕ್ಕದಲ್ಲಿ ಬೋರಲು ಬಿದ್ದಿತ್ತು. ನನಗೆ ಏನೂ ತೋಚದೆ, ಕಲಿತು ಬಂದ ತೀರ್ಪನ್ನು ಒಂದಕ್ಷರ ಬಿಡದೆ, ಷರತ್ತುಗಳ ಸಮೇತ, ನಿಂತಲ್ಲೇ ಒಪ್ಪಿಸಿದೆ. ಅತ್ತೆ ಪೂರ್ತಿ ಕೇಳಿದಳು.

"ಹಬ್ಬದ ದಿನ ಬ್ಯಾಡ ಅಂದ್ನೇನು ಪೂಜಾರಿ?"

"ಹೂಂ ಅತ್ತಿ."

"ನೀ ಅತ್ಲಾಗ ಹೋಗಿದ್ದಿ, ನಾ ಇತ್ಲಾಗ ಅಷ್ಟೂ ಹಾಕಿ ಕುದಿಸಿದೆ. ಎಮ್ಮಿ ಹಾಲು ಹಾಕಿದೆ. ಸಕ್ರಿ ಎಲ್ಲಿ ಮುಚ್ಚಿಟ್ಟೀಯೋ ಸಿಗಲಿಲ್ಲ, ಬೆಲ್ಲ ಹಾಕಿದೆ. ಈಕಿಗೂ ಕೊಟ್ಟೆ."

"ಬಹಳ ಕೆಟ್ಟ ಇತ್ತು ಅಕ್ಕಾ," ಎಂದಳು ಖೈರೂನಬಿ, ನಗು ತಡೆಯಲಾರದೆ.

ಅತ್ತೆ ನಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಟಗರಿನ ಬೆಲೆ ಹೇಳುವ ಮುಂಚೆ ಹೀಗೆ ಮಾಡುವುದು ಅವಳ ರೂಢಿ.

"ಹೂವಿನ ಹೆಸರು ಹೇಳಿ ಹುಲ್ಲು ಕುಡಿಸಾಕತ್ತೀರಿ ನನಗ, ನೀನೂ ಮತ್ತ ನಿಮ್ಮ ಕಟ್ಟಿಯವರೂ. ವಾಸನಿ ಡಬ್ಬ್ಯಾಗ ಇತ್ತು. ಬಾಯಾಗ ಇಟ್ಕೊಂಡ್ರ ಬರೀ ಕಹಿ. ನನಗ ಚಾ ಬೇಕಾಗಿದ್ದಿಲ್ಲ ಸರೂ. ಹೂ ಬೇಕಾಗಿತ್ತು."

ಇಷ್ಟು ಸರಳವಾದದ್ದು ನನಗೆ ಯಾಕೆ ತಿಳಿಯಲಿಲ್ಲ, ಹೇಳಿ. ಹೂವಿನ ಒಂದು ಗುಟುಕಿಗಾಗಿ ಫ್ಲಾಸ್ಕು ಹೊತ್ತು ಊರು ಸುತ್ತಿದೆ, ಮೂವರ ಒಪ್ಪಿಗೆ ಬೇಡಿದೆ. ಮನೆಯ ಪಕ್ಕದಲ್ಲೇ ಹೂವಿನ ಬುಟ್ಟಿ ದಿನವೂ ಇಳಿಯುತ್ತಿತ್ತು. ಖೈರೂನಬಿಗೆ ನಾನು ಹೇಳಬೇಕಾಗಿಯೇ ಬರಲಿಲ್ಲ. ಅವಳು ಆಗಲೇ ಎದ್ದು ಹೋಗಿ, ಎಲೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆಯೊಂದನ್ನು ಗಂಡನ ಬುಟ್ಟಿಯಿಂದ ತಂದಿದ್ದಳು, ನೀರು ಚಿಮುಕಿಸಿದ್ದರಿಂದ ಅದಿನ್ನೂ ತಣ್ಣಗಿತ್ತು.

ಅತ್ತೆ ಒಳಗೆ ಬರಲು ಒಪ್ಪಲಿಲ್ಲ. ಹೊಸ್ತಿಲಲ್ಲೇ, ಬೀದಿಗೆ ಮುಖ ಮಾಡಿ ಕೂತಳು. ನಾನು ಅವಳ ಹಿಂದೆ ಕೂತು ತುರುಬು ಬಿಚ್ಚಿ ಮತ್ತೆ ಕಟ್ಟಿ, ದಂಡೆ ಮುಡಿಸತೊಡಗಿದೆ. ಕೂದಲು ತೆಳುವಾಗಿತ್ತು, ಪಿನ್ನು ಹಿಡಿತ ಸಿಗದೆ ಜಾರಿ ಜಾರಿ ಬೀಳುತ್ತಿತ್ತು. ಎದುರಿನ ಮನೆಯವರು ಬಾಗಿಲಿಗೆ ಬಂದು ನೋಡುತ್ತ ನಿಂತರು. ಅತ್ತೆ ಅವರನ್ನೇ ದಿಟ್ಟಿಸುತ್ತ, ತಲೆ ಅಲುಗಿಸದೆ ನನಗೆ ಹೇಳಿದಳು:

"ಗಟ್ಟಿ ಸಿಗಿಸು. ಬಿದ್ದರ ಆ ಮುದುಕರು ಮತ್ತ ಕಟ್ಟಿ ಮ್ಯಾಲೆ ಕುಂಡರತಾರ."