ಲೈನ್ ಕ್ಲಿಯರ್ ಕೇಳಿದ ರಾಯಪ್ಪಮಾವ

ಲೈನ್‌ಮನ್ ಹನುಮಂತರಾಯಪ್ಪನ ಜೊತೆ ಮಾತಾಡಬೇಕೆಂದರೆ ಕತ್ತು ಎತ್ತಲೇಬೇಕಿತ್ತು. ನಮ್ಮೂರು ಕೊಳಾಲದ ಕ್ಷೇಮಸಮಾಚಾರವೆಲ್ಲ ಅವನಿಗೆ ಕಂಬದ ಮೇಲಿಂದಲೇ ಆಗಬೇಕು. ನನ್ನ ಬಿ.ಎಸ್‌ಸಿ. ಫಲಿತಾಂಶ ಸಾರಿದ್ದೂ ಅಲ್ಲಿಂದಲೇ: “ಲೇ, ಕೇಳ್ರಲಾ! ಗಾರೆ ಕೆಲ್ಸದ ನರಸಮ್ಮನ ಮಗಳು ಪಾಸಾಗ್ಬುಟ್ಲು!” ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಆ ಕೂಗಿನ ಮುಂದೆ ಘಟಿಕೋತ್ಸವ ನನಗೆ ಸಪ್ಪೆಯೇ ಅನ್ನಿಸಿತು.

ರಾಯಪ್ಪಮಾವನಿಗೆ ಒಂದೇ ವ್ರತ. ಸಬ್‌ಸ್ಟೇಷನ್ನಿನವರು ಕರೆಂಟು ತೆಗೆದು ‘ಲೈನ್ ಕ್ಲಿಯರ್’ ಕೊಡುವವರೆಗೆ, ಯಾರು ಎಷ್ಟೇ ಬೈದರೂ ತಂತಿ ಮುಟ್ಟುತ್ತಿರಲಿಲ್ಲ.

ಅಂಥವನ ಎದೆ ಹೇಳದೆ ಕೇಳದೆ ಓಡತೊಡಗಿತು. ಕಂಬದ ಬುಡದಲ್ಲಿ ಬೆವೆತು ಕೂರುತ್ತಿದ್ದ. ಡಾಕ್ಟರ ಹತ್ತಿರ ಒಯ್ಯುವಷ್ಟರಲ್ಲಿ ಸರಿಹೋಗಿರುತ್ತಿತ್ತು. ಕೊನೆಗೊಮ್ಮೆ ಮಧುಗಿರಿಯಲ್ಲಿ ಆ ಓಟ ಇಸಿಜಿಗೆ ಸಿಕ್ಕಿಬಿತ್ತು. ಬೆಂಗಳೂರಿನ ಆಸ್ಪತ್ರೆಗೆ ತನ್ನ ಜೊತೆ ನನ್ನನ್ನೂ ಹೊರಡಿಸಿದ. “ಓದಿದೋಳು ಪಕ್ಕದಾಗಿದ್ರೆ ಡಾಕ್ಟ್ರು ಒಸಿ ಹೆದರ್ತಾರೆ ಕಣಮ್ಮ.”

ಅಲ್ಲಿನ ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಹೃದಯದಲ್ಲಿ ಹುಟ್ಟಿನಿಂದಲೇ ಒಂದು ಹೆಚ್ಚುವರಿ ಎಳೆ. ಕರೆಂಟು ಅದರಲ್ಲಿ ಸುತ್ತು ಹೊಡೆಯುತ್ತಿದೆ. ತೊಡೆಯ ರಕ್ತನಾಳದಿಂದ ಸಣ್ಣ ತಂತಿ ಕಳಿಸಿ ಅದನ್ನು ಸುಟ್ಟು ಮುಗಿಸಬಹುದು. ಆದರೆ ಅಪರೂಪದ ಜಾಗ, ಎದೆ ಬಡಿಸುವ ಮುಖ್ಯ ಲೈನಿಗೆ ಅಂಟಿಕೊಂಡಿದೆ. ಅದಕ್ಕೆ ಪೆಟ್ಟಾದರೆ ಪೇಸ್‌ಮೇಕರ್ ಬೇಕು; ಆಮೇಲೆ ಕಂಬ ಮರೆಯಬೇಕು.

“ಲೈನ್ ಕ್ಲಿಯರ್ ತಗಂತೀರಾ?” ಅಂದ ಮಾವ. ಹಾಗೆಂದರೇನೆಂದು ಡಾಕ್ಟರಮ್ಮನಿಗೆ ನಾನು ಬಿಡಿಸಿ ಹೇಳಿದೆ.

“ಹೃದಯ ಆಫ್ ಮಾಡೋಕಾಗಲ್ಲ ರಾಯಪ್ಪ.”

ಮಾವ ಎದ್ದು ಚಪ್ಪಲಿ ಮೆಟ್ಟಿದ. “ಕರೆಂಟ್ ಇರೋ ಲೈನ್‌ಗೆ ಕೈ ಹಾಕೋರ್ನ ನಂಬಾಕಿಲ್ಲ. ನಡಿಯಮ್ಮ.”

“ಸುಡಲ್ಲ,” ಅಂದರು ಡಾಕ್ಟರಮ್ಮ. “ಮೊದಲು ತಣ್ಣಗೆ ಮಾಡಿ ನೋಡ್ತೀನಿ. ಮುಖ್ಯ ಲೈನು ತಡವರಿಸಿದರೆ ತಕ್ಷಣ ಬಿಡ್ತೀನಿ. ಬೆಚ್ಚಗಾದರೆ ಸಾಮಾನ್ಯವಾಗಿ ಮೊದಲಿನಂಗೇ ಆಗುತ್ತೆ.”

“ಇಂಥವು ಎಷ್ಟು ಮಾಡಿದ್ದೀಯವ್ವಾ?”

“ಈ ಜಾಗದ್ದು ಕೆಲವೇ.”

ಮಾವ ಚಪ್ಪಲಿ ಬಿಟ್ಟ. “ಸುಳ್ಳೇಳ್ಲಿಲ್ಲ. ಆಗ್ಲಿ, ಮಾಡು.”

ಆಪರೇಷನ್ ಮೇಜಿನ ಮೇಲೆ ಎಚ್ಚರವಿದ್ದೇ ಮಲಗಿದ್ದನಂತೆ. ರೋಗದ ಜಾಗ ಪತ್ತೆಹಚ್ಚಲು ಅವರೇ ಎದೆ ಓಡಿಸಿದಾಗ, “ಮಲಗಿದ್ದೋನ್ನ ಎಬ್ಬಿಸ್ತೀರಲ್ಲ!” ಎಂದು ರೇಗಿದನಂತೆ. ಎರಡು ಕಡೆ ತಣ್ಣಗೆ ಮಾಡಿದಾಗ ಲೈನು ತಡವರಿಸಿತು. ಡಾಕ್ಟರಮ್ಮ ಹಿಂದೆ ಸರಿದರು. ಮೂರನೆಯ ಕಡೆ ಓಟ ಗಕ್ಕನೆ ನಿಂತಿತು. ಮುಖ್ಯ ಲೈನು ಅಲುಗಲಿಲ್ಲ. ಅಲ್ಲೇ ಇನ್ನಷ್ಟು ತಣ್ಣಗೆ ಮಾಡಿ ಆ ಎಳೆಯನ್ನು ಮುಗಿಸಿದರು. ನಿವೃತ್ತಿಯವರೆಗೂ ಮಾವ ಕಂಬ ಹತ್ತಿದ.

ಅವನನ್ನು ಕೊನೆಯ ಸಲ ನೋಡಿದ್ದು ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ. ಮಗಳ ಊರು ಕ್ಯಾತಗಾನಚೆರ್ಲಿಗೆ ಹೊರಟಿದ್ದ, ಅಲ್ಲೇ ಇದ್ದುಬಿಡಲು. “ಎದೆ ಹೆಂಗೈತೆ ಮಾವ?” ಅಂದೆ. ತನ್ನ ಮಣಿಕಟ್ಟು ಹಿಡಿದು ನಾಡಿ ಎಣಿಸಿ ಮುಖ ಸಿಂಡರಿಸಿದ. “ಎಪ್ಪತ್ತೆರಡು. ಹೆಂಡ್ರು ಬೈದ್ರೂ ಎಪ್ಪತ್ತೆರಡೇ. ಬ್ಯಾಸರ ಕಣಮ್ಮ!”

ಅಷ್ಟರಲ್ಲಿ ಅವನು ಹತ್ತಬೇಕಿದ್ದ ಪಾವಗಡದ ಬಸ್ಸು ಹೊರಟೇಬಿಟ್ಟಿತು. ಮಾವ ಚೀಲ ಹೆಗಲಿಗೇರಿಸಿ ಹಿಂದೆ ಓಡಿದ, ಹುಡುಗರನ್ನು ದಾಟಿ ಓಡಿ ಫುಟ್‌ಬೋರ್ಡು ಹಿಡಿದ. ಅಲ್ಲಿಂದಲೇ ಎದೆ ತಟ್ಟಿಕೊಂಡು ಕೂಗಿದ:

“ಈಗ ಓಡ್ತೈತೆ ಕಣಮ್ಮ! ನಾನು ಓಡಿದ್ದಕ್ಕೇ!”